ಸುದ್ದಿ ಮುಟ್ಟುವವರೆಗೆ

ಶಮಂತ್ ತೀರಿಕೊಂಡದ್ದು ೨೦೨೧ರ ಮೇ ನಾಲ್ಕು, ಮಂಗಳವಾರ ಬೆಳಿಗ್ಗೆ, ಮೈಸೂರಿನ ಒಂದು ಆಸ್ಪತ್ರೆಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ನೆದರ್‌ಲ್ಯಾಂಡ್ಸ್ ತಲುಪಿತು. ಆದರೆ ಅದು ಬಂದದ್ದು ನೂರ್ಡ್‌ವೈಕ್‌ನಲ್ಲಿದ್ದ ಅವನ ಹೆಂಡತಿ ಸಮೀಕ್ಷಾಗೆ ಅಲ್ಲ, ಲೈಡನ್‌ನಲ್ಲಿದ್ದ ಶ್ರಾವ್ಯಳಿಗೆ.

ಫೋನ್ ಮಾಡಿದವರು ಶಮಂತನ ಅಕ್ಕ ಪ್ರಭಾ. ಅವರು ಮೈಸೂರಿನ ಕಾಲೇಜೊಂದರಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಶ್ರಾವ್ಯ ಅವರ ಹಳೆಯ ವಿದ್ಯಾರ್ಥಿನಿ. ಸಂಸ್ಕೃತದಿಂದ ಲ್ಯಾಟಿನ್‌ಗೆ ಹೊರಳಿ ಲೈಡನ್ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಹೊರಟಾಗ, "ನನ್ನ ತಮ್ಮ ಅಲ್ಲೇ ಪಕ್ಕದ ಊರಲ್ಲಿದಾನೆ, ಹುಳಿ ಅನ್ನ ತಿನ್ನಬೇಕು ಅನ್ನಿಸಿದಾಗ ಹೋಗು" ಎಂದು ನಂಬರ್ ಕೊಟ್ಟವರು ಅವರೇ.

"ಶ್ರಾವ್ಯಾ, ಪಕ್ಕದಲ್ಲಿ ಯಾರಾದ್ರೂ ಇದಾರಾ?"

"ಇಲ್ಲ ಮೇಡಂ."

"ಶಮಂತ ಹೋಗ್ಬಿಟ್ಟ ಕಣೇ. ಬೆಳಿಗ್ಗೆ ಆರೂವರೆಗೆ." ಅದೇ ಉಸಿರಿನಲ್ಲಿ ಮುಂದುವರಿಸಿದರು: "ಸಮೀಕ್ಷಾಗೆ ಹೇಳ್ಬೇಡ."

"ಯಾಕೆ ಮೇಡಂ?"

"ಅವಳು ಒಬ್ಬಳೇ ಇದಾಳೆ. ಮನೆ ಮುಂದೆ ಸಮುದ್ರ. ಹೇಳಿದ್ಮೇಲೆ ಹಿಡ್ಕೊಳ್ಳೋಕೆ ಯಾರಿದಾರೆ ಹೇಳು? ಟಿಕೆಟ್ ಸಿಕ್ಕ ತಕ್ಷಣ ಇಲ್ಲಿಗೆ ಕರೆಸ್ಕೊಂಡು, ಕೂರಿಸ್ಕೊಂಡು ಹೇಳ್ತೀವಿ. ಅಪ್ಪಂದೂ ಅದೇ ಮಾತು."

"ಟಿಕೆಟ್ ಎಲ್ಲಿ ಸಿಗತ್ತೆ ಮೇಡಂ? ಇಂಡಿಯಾದಿಂದ ಬರೋ ಫ್ಲೈಟ್ಸ್ ಎಲ್ಲಾ ಹೋದ ವಾರನೇ ನಿಲ್ಲಿಸಿದಾರೆ, ಹೋಗೋದೂ ಸಿಗ್ತಿಲ್ಲ."

"ಸಿಗೋವರೆಗೆ ಕಾಯೋದು. ಐಸಿಯುನಲ್ಲಿದಾನೆ, ಫೋನ್ ಕೊಡಲ್ಲ ಅಂತ ಹೇಗೂ ಹೇಳ್ತಿದ್ವಲ್ಲ. ಆಕ್ಸಿಜನ್ ನಂಬರ್ ಅಪ್ಪ ದಿನಾ ಕಳಿಸ್ತಿದ್ರು, ಈಗಲೂ ಕಳಿಸ್ತಾರೆ."

"ಅವಳು ಅವನ ಹೆಸರಲ್ಲಿ ದಿನಾ ತುಪ್ಪದ ದೀಪ ಹಚ್ತಿದಾಳೆ, ಮೇಡಂ."

"ಗೊತ್ತು. ಅಪ್ಪ ಪುರೋಹಿತರನ್ನೇ ಕೇಳಿದ್ರು. ದೂರ ದೇಶದಲ್ಲಿರೋರಿಗೆ ಸುದ್ದಿ ಕಿವಿಗೆ ಬಿದ್ದಾಗಿಂದ ಸೂತಕ. ಕೇಳಿದ ತಕ್ಷಣ ಉಟ್ಟ ಬಟ್ಟೇಲೇ ತಲೆಗೆ ಸ್ನಾನ, ಅಲ್ಲಿಂದ ಲೆಕ್ಕ. ಅಲ್ಲೀವರೆಗೆ ಅವಳು ದೀಪ ಹಚ್ಚಿದ್ರೆ ದೋಷ ಇಲ್ವಂತೆ." ಪ್ರಭಾ ಅವರ ಧ್ವನಿ ಅಲ್ಲಿ ಒಡೆಯಿತು. "ನಂಗೆ ಮಾತು ಕೊಡು."

ಶ್ರಾವ್ಯ ಮಾತು ಕೊಟ್ಟಳು. ಆ ಗಳಿಗೆಯಲ್ಲಿ ಕೊಡದೆ ಇರುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಮೇ ನಾಲ್ಕು ಆ ದೇಶದಲ್ಲಿ ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ. ಸಂಜೆ ಮನೆಮನೆಯ ಧ್ವಜ ಅರ್ಧಕ್ಕೆ ಇಳಿದಿರುತ್ತದೆ. ಎಂಟು ಗಂಟೆಗೆ ಎರಡು ನಿಮಿಷ ಬಸ್ಸು, ಸೈಕಲ್ಲುಗಳೂ ನಿಲ್ಲುತ್ತವೆ. ಶ್ರಾವ್ಯ ಕಾಲುವೆಯ ಸೇತುವೆಯ ಮೇಲೆ ಊರಿನವರ ಜೊತೆ ನಿಂತಳು. ಒಂಬತ್ತಕ್ಕೆ ಸಮೀಕ್ಷಾಳ ಮೆಸೇಜ್ ಬಂತು. ಅವಳೂ ಬಾಲ್ಕನಿಯಲ್ಲಿ ಎದ್ದು ನಿಂತಿದ್ದಳಂತೆ. "ಶುಕ್ರವಾರ ಊಟಕ್ಕೆ ಬಾ. ಸೀಮೆಬದನೆಕಾಯಿ ಸಿಕ್ಕಿದೆ."

*

ಶಮಂತ್ ನೂರ್ಡ್‌ವೈಕ್‌ನ ಬಾಹ್ಯಾಕಾಶ ಸಂಶೋಧನಾ ಕೇಂದ್ರಕ್ಕೆ ಕೆಲಸ ಮಾಡಿಕೊಡುವ ಒಂದು ಕಂಪನಿಯಲ್ಲಿ ಎಂಜಿನಿಯರ್. ಉಪಗ್ರಹದ ಒಂದು ಮೈ ಬಿಸಿಲಿಗೆ ಸುಡುವಾಗ ಇನ್ನೊಂದು ಮೈ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಲೆಕ್ಕಾಚಾರ ಅವನದು. ಸಮೀಕ್ಷಾ ಆಮ್‌ಸ್ಟರ್‌ಡ್ಯಾಮ್‌ನ ಕಚೇರಿಗಳ ಬಡಾವಣೆ ಜೈಡಾಸ್‌ನಲ್ಲಿರುವ ಒಂದು ಸಂಸ್ಥೆಯಲ್ಲಿ ಆಡಿಟರ್. ಕೋವಿಡ್ ಶುರುವಾದ ಮೇಲೆ ಊಟದ ಮೇಜೇ ಅವಳ ಆಫೀಸು.

೨೦೨೦ರ ಏಪ್ರಿಲ್‌ನಲ್ಲಿ ಶಮಂತನ ತಾಯಿ ಇಂದಿರಮ್ಮ ಹೃದಯಾಘಾತದಿಂದ ತೀರಿಕೊಂಡರು. ಆಗ ಭಾರತದಲ್ಲಿ ವಿಮಾನ ಸಂಚಾರವೇ ಇರಲಿಲ್ಲ. ಒಬ್ಬನೇ ಮಗನಾದರೂ ಕೊಳ್ಳಿ ಇಟ್ಟದ್ದು ಚಿಕ್ಕಪ್ಪನ ಮಗ. ಫೋನ್ ಕೆಳಗಿಟ್ಟ ಶಮಂತ್ ಹಾಕಿಕೊಂಡಿದ್ದ ಜೀನ್ಸ್‌ನಲ್ಲೇ ಶವರ್ ಕೆಳಗೆ ಹೋಗಿ ನಿಂತ. ಹಿಂದೆಯೇ ಸಮೀಕ್ಷಾಳೂ ನಿಂತಳು. ಆ ಹತ್ತು ದಿನ ದೇವರ ಗೂಡಿಗೆ ಪರದೆ ಎಳೆದಿತ್ತು.

ಮುಂದಿನ ವರ್ಷ ಮಾರ್ಚ್ ಕೊನೆಗೆ ಅವನು ಹೊರಟು ನಿಂತದ್ದು ತಾಯಿಯ ವರ್ಷಾಬ್ದಿಕಕ್ಕೆ. ಹೊರಡುವ ಹಿಂದಿನ ಭಾನುವಾರದ ಮಧ್ಯಾಹ್ನ ಶ್ರಾವ್ಯ ಅಲ್ಲೇ ಇದ್ದಳು.

"ಹೋಗ್ಬೇಡ ಅಂತ ಇನ್ನೂ ಎಷ್ಟು ಸಲ ಹೇಳ್ಲಿ?" ಎಂದಿದ್ದಳು ಸಮೀಕ್ಷಾ. "ಪುರೋಹಿತರು ಜೂಮ್‌ನಲ್ಲೇ ಮಾಡಿಸ್ತೀನಿ ಅಂದಿದಾರೆ. ಎಲ್ಲರೂ ಹಾಗೇ ಮಾಡ್ತಿದಾರೆ."

"ಜೂಮ್‌ನಲ್ಲಿ ಪಿಂಡ ಇಟ್ರೆ ಕಾಗೆ ಎಲ್ಲಿಂದ ಬರತ್ತೆ? ಇಲ್ಲಿ ಬರೋದು ಸೀಗಲ್. ಪಿಂಡದ ಜೊತೆ ತಟ್ಟೇನೂ ಎತ್ಕೊಂಡು ಹೋಗತ್ತೆ."

"ತಮಾಷೆ ಬೇಡ. ಹೋಗೋದೇ ಆದ್ರೆ ನನ್ನೂ ಕರ್ಕೊಂಡು ಹೋಗು."

"ಮಾರ್ಚ್ ಕೊನೇಲಿ ಆಡಿಟ್ ಬಿಟ್ಟು ಬಂದ್ರೆ ವಾಪಸ್ ಬರೋಷ್ಟರಲ್ಲಿ ನಿನ್ನ ಕೆಲಸ ಇರಲ್ಲ, ಮೇಡಮ್ನೋರೇ." ಆಮೇಲೆ ಅವನ ಧ್ವನಿ ತಗ್ಗಿತ್ತು. "ಕೊಳ್ಳಿ ಇಡೋಕೆ ಹೋಗ್ಲಿಲ್ಲ ಸಮೀ. ಇದಕ್ಕೂ ಹೋಗದಿದ್ರೆ ನಾನೆಂಥ ಮಗ? ಮೂರು ವಾರ. ಬಂದ್ಬಿಡ್ತೀನಿ."

ವರ್ಷಾಬ್ದಿಕ ಮುಗಿಯಿತು. ವಾಪಸು ಬರುವ ವಾರವೇ ಅವನಿಗೆ ಜ್ವರ ಬಂತು.

*

ಶ್ರಾವ್ಯಳ ಸಂಶೋಧನೆಯ ವಿಷಯ ಲ್ಯಾಟಿನ್ ಕಾವ್ಯದಲ್ಲಿ ಬರುವ ಹರಕೆಗಳು. ಯಾರು, ಯಾವ ದೇವತೆಗೆ, ಏನು ಬೇಡಿ, ಏನು ಕೊಡುತ್ತೇನೆಂದರು ಎಂಬುದನ್ನು ಅವಳು ಎರಡು ವರ್ಷದಿಂದ ಕಲೆಹಾಕುತ್ತಿದ್ದಳು. ಅವುಗಳಲ್ಲಿ ಅಲ್ಕಿಯೊನಿಯ ಹರಕೆಯೂ ಒಂದು.

ಆ ಹೆಸರು ಶಮಂತ್, ಸಮೀಕ್ಷಾ ಇಬ್ಬರಿಗೂ ಗೊತ್ತಿತ್ತು. ಫೆಬ್ರವರಿಯಲ್ಲಿ ಕಾಲುವೆಗಳು ಹೆಪ್ಪುಗಟ್ಟಿ ಊರಿಗೆ ಊರೇ ಸ್ಕೇಟಿಂಗ್‌ಗೆ ಇಳಿದಿದ್ದ ವಾರ ಮೂವರೂ ನೋಡಲು ಹೋಗಿದ್ದರು. ಸೇತುವೆಯ ಕೆಳಗೆ ಹೆಪ್ಪುಗಟ್ಟದೆ ಉಳಿದ ಒಂದಿಷ್ಟು ನೀರಿನ ಪಕ್ಕ ಮಿಂಚುಳ್ಳಿ ಕೂತಿತ್ತು. ಆ ಹಕ್ಕಿಯ ಕಥೆಯನ್ನು ಶ್ರಾವ್ಯ ಅಲ್ಲಿಯೇ ಚುಟುಕಾಗಿ ಹೇಳಿದ್ದಳು. ಅಲ್ಕಿಯೊನಿ ಗ್ರೀಕರ ಒಬ್ಬ ರಾಣಿ. ಗಂಡ ಕೇಯಿಕ್ಸ್, ತನ್ನ ಅಣ್ಣನಿಗೆ ಒದಗಿದ ಗತಿಯಿಂದ ಕಂಗೆಟ್ಟು, ದೇವರನ್ನು ಕೇಳಿ ಬರಲು ಸಮುದ್ರ ದಾಟಿ ಹೊರಟ. ಬೇಡವೆಂದು ಅತ್ತಳು, ಹೋದರೆ ನನ್ನನ್ನೂ ಕರೆದುಕೊಂಡು ಹೋಗು ಎಂದಳು. ಕೇಳಲಿಲ್ಲ. ಹಡಗು ಮುಳುಗಿತು. ಅವನ ಹೆಣ ದಡಕ್ಕೆ ತೇಲಿ ಬಂದಾಗ ಅವಳು ಸಮುದ್ರಕ್ಕೆ ಹಾರಿದಳು. ಹಾರಿದವಳು ನೀರಿಗೆ ಬೀಳಲಿಲ್ಲ, ಹಕ್ಕಿಯಾದಳು. ಅವನೂ ಹಕ್ಕಿಯಾದ.

"ಇಬ್ಬರೂ ಹಕ್ಕಿ ಆದ್ರಲ್ಲ, ಬಿಡು, ಸುಖಾಂತ್ಯ" ಎಂದಿದ್ದ ಶಮಂತ್. "ನೆಮ್ಮದಿಯಾಗಿ ವೀಸಾ ಇಲ್ದೆ ಓಡಾಡಬಹುದು."

ಅವತ್ತು ಚಳಿಗೆ ಅವಸರ ಮಾಡಿ ಶ್ರಾವ್ಯ ನಡುವಿನ ಒಂದು ಭಾಗ ಬಿಟ್ಟಿದ್ದಳು. ಸುದ್ದಿ ಬಂದ ಮೇಲೆ ಬುಧವಾರ, ಗುರುವಾರ ಅವಳು ಅದನ್ನೇ ತೆಗೆದು ಓದಿದಳು. ಗಂಡ ಸತ್ತದ್ದು ಗೊತ್ತಿಲ್ಲದ ಅಲ್ಕಿಯೊನಿ ದಿನವೂ ಜೂನೊ ದೇವಿಯ ಗುಡಿಗೆ ಹೋಗಿ, ಅವನು ಕ್ಷೇಮವಾಗಿ ಬರಲೆಂದು ಧೂಪ ಹಾಕುತ್ತಾಳೆ. ಕೊನೆಗೆ ದೇವಿಗೇ ತಡೆಯಲಾಗುವುದಿಲ್ಲ. ಸತ್ತವನಿಗಾಗಿ ಬೇಡುವ ಬೇಡಿಕೆಯನ್ನು ಅವಳು ಕೇಳಲಾರಳು. ಮೈಲಿಗೆಯ ಕೈ ತನ್ನ ಪೀಠವನ್ನು ಮುಟ್ಟುವುದನ್ನು ಸಹಿಸಲಾರಳು. ಕನಸೊಂದನ್ನು ಕಳಿಸಿ ಸುದ್ದಿ ಮುಟ್ಟಿಸು ಎಂದು ಅವಳೇ ನಿದ್ರೆಯ ದೇವರ ಬಳಿಗೆ ದೂತಿಯನ್ನು ಅಟ್ಟುತ್ತಾಳೆ.

ಇದಕ್ಕೆ ಶ್ರಾವ್ಯ ಹಿಂದಿನ ವರ್ಷವೇ ಒಂದು ಅಡಿಟಿಪ್ಪಣಿ ಬರೆದಿದ್ದಳು. ರೋಮನ್ನರ ಕಾವ್ಯದಲ್ಲಿ ಮೈಲಿಗೆ ಸಾವಿನೊಂದಿಗೇ ಅಂಟುತ್ತದೆ, ಅಂಟಿದವರಿಗೆ ಗೊತ್ತಿರಲಿ ಬಿಡಲಿ. ಕರ್ನಾಟಕದ ಕೆಲವು ಮನೆತನಗಳಲ್ಲಿ ದೂರದವರಿಗೆ ಅದು ಸುದ್ದಿಯೊಂದಿಗೆ ಅಂಟುತ್ತದೆ. ಹೋಲಿಕೆ ಚೆನ್ನಾಗಿದೆ, ಇನ್ನಷ್ಟು ವಿಸ್ತರಿಸು ಎಂದು ಮಾರ್ಗದರ್ಶಕರು ಅಂಚಿನಲ್ಲಿ ಗುರುತು ಹಾಕಿದ್ದರು. ಗುರುವಾರ ಮತ್ತೆ ಓದಿದಾಗ ಆ ಟಿಪ್ಪಣಿ ಅವಳಿಗೆ ಬೇರೆ ಯಾರೋ ಬರೆದದ್ದರಂತೆ ಕಂಡಿತು.

ಪ್ರಭಾ ಅವರಿಗೆ ಫೋನ್ ಮಾಡಿ, "ನಾನೇ ಹೇಳ್ತೀನಿ, ಜೊತೇಲೇ ಇರ್ತೀನಿ" ಎಂದಳು. "ಮಾತು ಕೊಟ್ಟಿದೀಯಾ" ಎಂದರು ಅವರು.

*

ಶುಕ್ರವಾರ ಅವಳು ಬಸ್ಸಿನಲ್ಲಿ ಹೋದಳು. ದಾರಿಯ ಹೊಲಗಳಲ್ಲಿ ಟುಲಿಪ್ ಹೂಗಳ ತಲೆ ಕತ್ತರಿಸುವ ಕೆಲಸ ನಡೆದಿತ್ತು. ಗೆಡ್ಡೆ ಬಲಿಯಲಿ ಎಂದು ಪ್ರತಿ ವರ್ಷ ಹಾಗೆ ಮಾಡುತ್ತಾರೆ. ಕೆಂಪು, ಹಳದಿ ತಲೆಗಳು ಸಾಲುಗಳ ನಡುವೆ ರಾಶಿ ಬಿದ್ದಿದ್ದವು.

ಸಮೀಕ್ಷಾ ಬಾಗಿಲು ತೆಗೆದವಳೇ ಮಾತು ಶುರು ಮಾಡಿದಳು. ಸೀಮೆಬದನೆಕಾಯಿ ಹೇಗ್‌ನಲ್ಲಿರೋ ಸುರಿನಾಮ್ ದೇಶದವರ ಅಂಗಡಿಯದು. ಅಂಗಡಿಯವಳು ಅದಕ್ಕೆ ಬೇರೇನೋ ಹೆಸರು ಹೇಳಿದಳು. ಆಫೀಸಿನಲ್ಲಿ ರಜೆ ಹಾಕು ಅಂತಿದಾರೆ. ರಜೆ ಹಾಕಿ ಗೋಡೆ ನೋಡಲಾ? ಬಿಸಿಲು ಬಂದರೂ ಚಳಿ ಹೋಗಿಲ್ಲ. ಶ್ರಾವ್ಯ ಬಾಯಿ ತೆರೆದಾಗಲೆಲ್ಲ ಅವಳು ಹುಳಿ ಬಡಿಸಿದಳು.

"ಸಾಕು, ಸಮೀ."

"ಹಾಸ್ಟೆಲ್‌ನಲ್ಲಿ ಬ್ರೆಡ್ ಚೀಸ್ ತಿಂದು ಗರಿಕೆ ಥರ ಆಗಿದೀಯ. ಸುಮ್ನೆ ತಿನ್ನೇ."

ಪುಸ್ತಕದ ಕಪಾಟಿನ ಮೇಲಿನ ಎರಡು ಹಲಗೆಗಳೇ ದೇವರ ಗೂಡು. ತುಪ್ಪದ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಅವಳ ಫೋನ್ ಚಾರ್ಜ್‌ಗೆ ಹಾಕಿತ್ತು.

ಊಟವಾದ ಮೇಲೆ ಸಮೀಕ್ಷಾ ಅರಿಸಿನ ಕುಂಕುಮದ ಬಟ್ಟಲು ತಂದಳು. ಶುಕ್ರವಾರ ಮನೆಗೆ ಬಂದ ಹೆಣ್ಣುಮಗಳನ್ನು ಹಾಗೇ ಕಳಿಸುವ ಪದ್ಧತಿ ಅವಳದಲ್ಲ. ಶ್ರಾವ್ಯಳ ಕೈ ಮೇಲೇಳಲಿಲ್ಲ. ಬಟ್ಟಲು ಇಬ್ಬರ ನಡುವೆ ನಿಂತಿತು.

ಸಮೀಕ್ಷಾ ಅವಳ ಮುಖವನ್ನೇ ನೋಡಿದಳು. ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ನಡಿ, ಸಮುದ್ರದ ಕಡೆ ಹೋಗೋಣ" ಎಂದಳು. "ಆ ಹಕ್ಕಿ ಕಥೇಲಿ ಅವತ್ತು ಏನೋ ನುಂಗಿದೆ ನೀನು. ಪೂರ್ತಿ ಹೇಳು."

*

ಉಸುಕಿನ ದಿಣ್ಣೆ ದಾಟಿದರೆ ಕಡಲತೀರ. ನೀರು ಇಳಿದಿತ್ತು, ಒದ್ದೆ ಮರಳು ಬಹಳ ದೂರ ಹಬ್ಬಿತ್ತು. ನಾಯಿ ಕರೆತಂದ ನಾಲ್ಕಾರು ಜನ ಬಿಟ್ಟರೆ ಯಾರೂ ಇರಲಿಲ್ಲ.

ಶ್ರಾವ್ಯ ಕಥೆಯ ಬಿಟ್ಟ ಭಾಗವನ್ನು ಹೇಳಿದಳು. ಧೂಪ, ಗುಡಿ, ದೇವಿಗೆ ಸಹಿಸಲಾಗದೆ ಹೋದದ್ದು. ನಿಧಾನವಾಗಿ, ಒಂದು ಮಾತೂ ಹೆಚ್ಚಿಸದೆ, ಕಡಿಮೆ ಮಾಡದೆ ಹೇಳಿದಳು.

"ದೇವಿ ಯಾರನ್ನ ಕಳಿಸಿದ್ಲು?" ಸಮೀಕ್ಷಾ ಕೇಳಿದಳು.

"ಕನಸನ್ನ. ಅದು ಗಂಡನ ರೂಪದಲ್ಲೇ ಬಂದು ಹೇಳತ್ತೆ."

"ನಂಗೆ ನಿದ್ದೇನೇ ಬರ್ತಿಲ್ವಲ್ಲೇ. ಕನಸು ಎಲ್ಲಿಂದ ಬರತ್ತೆ?"

ಇಬ್ಬರೂ ಒದ್ದೆ ಮರಳಿನ ಮೇಲೆ ಸ್ವಲ್ಪ ದೂರ ನಡೆದರು.

"ಮಾವ ದಿನಾ ಬೆಳಿಗ್ಗೆ ಪೂಜೆ ಆದ್ಮೇಲೆ ಫ್ಯಾಮಿಲಿ ಗ್ರೂಪಲ್ಲಿ ಫೋಟೋ ಹಾಕ್ತಾರೆ" ಎಂದಳು ಸಮೀಕ್ಷಾ. "ದೇವರು, ಹೂವು, ದೀಪ. ಕೆಳಗೆ 'ಶುಭದಿನ'. ಶಮಂತ್ ಅದನ್ನ ಮ್ಯೂಟ್ ಮಾಡಿಟ್ಟಿದ್ದ. ಅವನನ್ನ ಆಸ್ಪತ್ರೆಗೆ ಸೇರಿಸಿದ ದಿನಾನೂ ಮಾವ ಫೋಟೋ ಹಾಕಿದ್ರು. ಮಂಗಳವಾರದಿಂದ ಬಂದಿಲ್ಲ."

ಶ್ರಾವ್ಯ ನಿಂತಳು.

"ನಂಬರ್ ಮಾತ್ರ ಬರ್ತಿದೆ. ತೊಂಬತ್ತೊಂದು, ತೊಂಬತ್ತೆರಡು, ತೊಂಬತ್ಮೂರು. ಆಡಿಟರ್‌ಗೆ ಅಂಥ ನಂಬರ್ ಕಳಿಸ್ತಾರಲ್ಲ! ನಿಜವಾದ ನಂಬರ್ ಹಾಗೆ ಮೆಟ್ಟಿಲು ಹತ್ತಲ್ಲ ಕಣೇ, ಏಳತ್ತೆ, ಬೀಳತ್ತೆ. ಪಾಪ, ಮಾವಂಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ಹಳೇ ಫೋಟೋ ಒಂದು ಹಾಕಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ. ನನ್ನ ಹತ್ರ ಸುಳ್ಳು ಹೇಳಬಹುದು, ದೇವರನ್ನ ಮುಂದಿಟ್ಕೊಂಡು ಹೇಳೋಕೆ ಆಗಿಲ್ಲ ಅವರಿಗೆ."

"ಸಮೀ..."

"ಹೇಳ್ಬೇಡ." ಸಮೀಕ್ಷಾ ಎರಡೂ ಕೈ ಎತ್ತಿ ತಡೆದಳು. "ಅತ್ತೆ ಹೋದಾಗ ಈ ನಿಯಮ ಎಲ್ಲಾ ಮಾವನೇ ಹೇಳ್ಕೊಟ್ಟಿದ್ದು. ಕಿವಿಗೆ ಬೀಳೋವರೆಗೆ ಸೂತಕ ಇಲ್ಲ. ಯಾರೂ ಹೇಳಿಲ್ಲ ಅಂದ್ರೆ ನಾನು ದೀಪ ಹಚ್ಚಬಹುದು. ನಾಳೇನೂ ಹಚ್ತೀನಿ. ನಾಳಿದ್ದೂ. ನೀನು ಹೇಳದೇ ಇದ್ರೆ ಅವನು ಐಸಿಯುನಲ್ಲಿರ್ತಾನೆ. ಇರ್ಲಿ ಬಿಡೇ. ನಿಂಗೇನು ಕಷ್ಟ?"

ಬತ್ತಿ ಹೊಸೆದ ಬೆರಳುಗಳಲ್ಲಿ ತುಪ್ಪದ ಜಿಡ್ಡು ಇನ್ನೂ ಇತ್ತು. ನಿಯಮದ ಪ್ರಕಾರ ಆ ಕೈಗಳಿಗೆ ಇನ್ನೂ ಏನೂ ಅಂಟಿರಲಿಲ್ಲ. ಆದರೆ ಮೂರು ದಿನದಿಂದ ಆ ಕೈಗಳೊಡತಿ ಎಲ್ಲವನ್ನೂ ತಿಳಿದು, ಒಬ್ಬಳೇ, ಸತ್ತವನ ಆಯುಸ್ಸಿಗಾಗಿ ಬತ್ತಿ ಹೊಸೆದಿದ್ದಳು. ಇನ್ನೊಂದು ವಾರ ಬಿಟ್ಟರೆ ಇನ್ನೊಂದು ವಾರ ಹೊಸೆಯುತ್ತಾಳೆ. ಅತ್ತ ಮೈಸೂರಿನಲ್ಲಿ ಒಬ್ಬ ತಂದೆ ಪ್ರತಿದಿನ ಕೂತು ಮುಂದಿನ ಸಂಖ್ಯೆಯನ್ನು ಯೋಚಿಸುತ್ತಾನೆ. ಪ್ರಭಾ ಮೇಡಂಗೆ ಕೊಟ್ಟ ಮಾತು ಶ್ರಾವ್ಯಳಿಗೆ ನೆನಪಿತ್ತು. ಅವಳು ಆ ಎರಡು ಕೈಗಳನ್ನೂ ಹಿಡಿದುಕೊಂಡಳು.

"ಶಮಂತ್ ಮಂಗಳವಾರ ಬೆಳಿಗ್ಗೆ ತೀರ್ಕೊಂಡ" ಎಂದಳು.

ಸಮೀಕ್ಷಾ ಕಿರುಚಲಿಲ್ಲ. ಅಲೆಯ ಸದ್ದಿಗೆ ಕೇಳಿಸಿತೋ ಇಲ್ಲವೋ ಎಂದು ಶ್ರಾವ್ಯಳಿಗೆ ಒಂದು ಕ್ಷಣ ಅನುಮಾನ ಬಂತು.

"ಎಷ್ಟು ಹೊತ್ತಿಗೆ?"

"ಆರೂವರೆಗೆ."

"ಹತ್ರ ಯಾರಿದ್ರು?"

"ಮನೆಯವರನ್ನ ಬಿಟ್ಟಿಲ್ಲ. ಯಾರಿದ್ರೋ ನಂಗೆ ಗೊತ್ತಿಲ್ಲ."

ಸಮೀಕ್ಷಾ ತಲೆಯಾಡಿಸಿದಳು. ಕೈ ಬಿಡಿಸಿಕೊಂಡಳು. ಶೂ ಕಳಚಿ ಜೋಡಿಸಿಟ್ಟಳು.

"ಸ್ನಾನ ಮಾಡ್ಬೇಕು" ಎಂದು ಸಮುದ್ರದ ಕಡೆ ನಡೆದಳು.

*

ಆ ತೀರದಲ್ಲಿ ಆಳ ಬೇಗ ಸಿಗುವುದಿಲ್ಲ. ಮೊಣಕಾಲವರೆಗೆ ನೀರು ಬರುತ್ತದೆ, ಆಮೇಲೆ ಮರಳದಿಬ್ಬ ಎದುರಾಗಿ ಮತ್ತೆ ಪಾದದಷ್ಟಕ್ಕೆ ಇಳಿಯುತ್ತದೆ. ಸ್ನಾನಕ್ಕೆ ಬೇಕಾದಷ್ಟು ನೀರಿಗೂ ದೂರ ನಡೆಯಬೇಕು. ಬೇರೆ ಉದ್ದೇಶವಿದ್ದವರೂ ಅದೇ ದಾರಿಯಲ್ಲಿ ನಡೆಯಬೇಕು. ಸಮೀಕ್ಷಾಳ ಬೆನ್ನು ನೋಡಿ ಯಾವುದೆಂದು ಹೇಳುವಂತಿರಲಿಲ್ಲ.

ಶ್ರಾವ್ಯ ಚೀಲವನ್ನು ಮರಳಿನ ಮೇಲೆ ಎಸೆದು ಹಿಂದೆ ಓಡಿದಳು. ಶೂ ಕಳಚುವ ವ್ಯವಧಾನವಿರಲಿಲ್ಲ. ನೀರು ಚಳಿಯೆಂದು ಮೊದಲು ಅನ್ನಿಸಲಿಲ್ಲ, ಏಟು ಬಿದ್ದಂತೆ ಅನ್ನಿಸಿತು. "ಸಮೀ, ನಿಲ್ಲು!" ಎಂದು ಕೂಗಿದಳು. ಸಮೀಕ್ಷಾ ಮೊದಲ ದಿಬ್ಬ ದಾಟಿದಳು. ಎರಡನೆಯದನ್ನೂ ದಾಟಿದಳು. ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ಪ್ರಭಾ ಹೆದರಿದ್ದು ಇದಕ್ಕೇ. ಶ್ರಾವ್ಯ ಮಾತು ಮುರಿದ ಫಲ ಹತ್ತು ಅಡಿ ಮುಂದೆ ನಡೆಯುತ್ತಿತ್ತು.

ಎದೆಯ ಹತ್ತಿರ ನೀರು ಬಂದಾಗ ಅವಳು ಸಮೀಕ್ಷಾಳ ಮುಂಗೈಯನ್ನು ಹಿಡಿದಳು.

"ಬಿಡು."

"ಬಿಡಲ್ಲ."

"ಬಿಡೇ. ತಲೆ ನೆನೀಬೇಕು."

"ನೆನೀಲಿ. ನಾನೂ ಮುಳುಗ್ತೀನಿ. ಕೈ ಮಾತ್ರ ಬಿಡಲ್ಲ."

ಸಮೀಕ್ಷಾ ಅವಳನ್ನು ನೋಡಿದಳು. ಆಮೇಲೆ ದೂರಕ್ಕೆ, ಬೂದು ನೀರು ಬೂದು ಆಕಾಶಕ್ಕೆ ಸೇರುವ ಕಡೆ ನೋಡಿದಳು. ಎಷ್ಟು ಹೊತ್ತು ಹಾಗೆ ನಿಂತರೋ ಇಬ್ಬರಿಗೂ ಗೊತ್ತಿಲ್ಲ. ಒಂದು ಅಲೆ ಬಂತು. ಅದು ಹೋದ ಮೇಲೆ ಸಮೀಕ್ಷಾ ಮೊಣಕಾಲು ಮಡಿಸಿದಳು. ಶ್ರಾವ್ಯಳೂ ಮಡಿಸಿದಳು. ನೀರು ಇಬ್ಬರ ತಲೆಯ ಮೇಲೆ ಮುಚ್ಚಿಕೊಂಡಿತು.

ಮೇಲೆ ಬಂದಾಗ ಸಮೀಕ್ಷಾ ಅಳುತ್ತಿದ್ದಳು. ಬಾಯಿ ತೆರೆದು, ಉಪ್ಪುನೀರು ಉಗುಳುತ್ತ, ಸಣ್ಣ ಮಗುವಿನ ಹಾಗೆ ದೊಡ್ಡದಾಗಿ ಅಳುತ್ತಿದ್ದಳು. "ಹೋಗ್ಬೇಡ ಅಂದಿದ್ದೆ ಕಣೇ. ಎಷ್ಟು ಸಲ ಅಂದಿದ್ದೆ." ಶ್ರಾವ್ಯ ಮುಂಗೈ ಬಿಡದೆ ಅವಳನ್ನು ದಡದ ಕಡೆ ತಿರುಗಿಸಿದಳು.

ದಡದಲ್ಲಿ ನಾಯಿಯ ಜೊತೆ ನಿಂತಿದ್ದ ವಯಸ್ಸಾದ ಹೆಂಗಸೊಬ್ಬಳು, ಬಟ್ಟೆ ಸಮೇತ ನೀರಿನಿಂದ ಬರುತ್ತಿದ್ದ ಇಬ್ಬರನ್ನು ನೋಡಿ ನಕ್ಕು, "ಕೌಟ್, ಹೇ?" ಎಂದು ಕೂಗಿದಳು, ಚಳಿ ಅಲ್ಲವೇ ಎಂದು. ಹತ್ತಿರ ಬಂದ ಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿದಳು. ಕುತ್ತಿಗೆಯ ಉಣ್ಣೆಯ ಶಾಲನ್ನು ಬಿಚ್ಚಿ, ಆ ದಿನಗಳ ನಿಯಮದಂತೆ ಮುಟ್ಟದೆ, ಮರಳಿನ ಮೇಲಿಟ್ಟು ಹಿಂದೆ ಸರಿದಳು. ಸಮೀಕ್ಷಾ ಅದನ್ನು ಎತ್ತಿಕೊಂಡಳು.

*

ಮನೆಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ಸಮೀಕ್ಷಾ ಅದರ ಹತ್ತಿರ ಹೋಗಲಿಲ್ಲ. ಬಾಗಿಲ ಬಳಿಯೇ ನೀರು ಸುರಿಸುತ್ತ ನಿಂತು, "ಫೋನ್ ತಂದುಕೊಡು" ಎಂದಳು.

ಮಾವ ನಾರಾಯಣಸ್ವಾಮಿಯವರ ಮೆಸೇಜ್ ಬಂದಿತ್ತು. "ಆಕ್ಸಿಜನ್ ೯೪. ಡಾಕ್ಟರು ಪರವಾಗಿಲ್ಲ ಅಂದರು. ನೀನು ಸರಿಯಾಗಿ ಊಟ ಮಾಡಮ್ಮ."

ಅವಳು ಅದನ್ನು ಓದಿ ಶ್ರಾವ್ಯಳಿಗೂ ತೋರಿಸಿದಳು. ಆಮೇಲೆ ಕರೆ ಮಾಡಿದಳು. ಎರಡನೇ ರಿಂಗಿಗೇ ಅವರು ಎತ್ತಿದರು.

"ಏನಮ್ಮ ಸಮೀಕ್ಷಾ, ಊಟ ಆಯ್ತಾ? ಈಗಷ್ಟೇ ಮೆಸೇಜ್ ಹಾಕಿದೆ ನೋಡು. ಇವತ್ತು ತೊಂಬತ್ನಾಲ್ಕು..."

"ಮಾವ" ಎಂದಳು ಸಮೀಕ್ಷಾ. "ನನ್ನ ಸ್ನಾನ ಆಯ್ತು."

ಆ ಕಡೆ ಬೀದಿಯಲ್ಲಿ ಎಲ್ಲೋ ಆಂಬುಲೆನ್ಸ್ ಹೋಗುವುದು ಕೇಳಿಸಿತು. ಆಮೇಲೆ, ಮೂರು ದಿನದಿಂದ ಸಂಖ್ಯೆ ಜೋಡಿಸುತ್ತಿದ್ದ ಆ ಹಿರಿಯರು ಮೊದಲ ಸಲ ಗಟ್ಟಿಯಾಗಿ ಅತ್ತರು. ಸಮೀಕ್ಷಾ ಫೋನನ್ನು ಒದ್ದೆ ಕಿವಿಗೆ ಒತ್ತಿಕೊಂಡು, ಅವರು ಸಾಕೆನ್ನುವವರೆಗೂ ಅಲ್ಲೇ ಬಾಗಿಲಲ್ಲಿ ನಿಂತಿದ್ದಳು.